ಒಂದು ಗೇಣು ಆಚೆ

ಹೋದ ಭಾನುವಾರ ಹೊಳಲ್ಕೆರೆಯಲ್ಲಿ ನಾವೊಂದು ಮ್ಯಾಚ್ ಸೋತೆವು. ಕೊನೆಯ ಸರದಿಯಲ್ಲಿ ಎದುರಾಳಿಗಳು ಬ್ಯಾಟನ್ನು ಒಂದು ಸಲವೂ ಬೀಸಲಿಲ್ಲ. ಸುಮ್ಮನೆ ನಿಂತರು, ನಡೆದರು, ಗೆದ್ದರು.

ಕ್ರಿಕೆಟ್ ಅಂದುಕೊಂಡಿರಾ? ಅಲ್ಲ, ಬೇಸ್‌ಬಾಲ್! (ನಗಬೇಡಿ. ನಮ್ಮೂರಿಗೂ ಬಂದಿದೆ.)

ತಂದವರು ಕೋಳಿ ಸಾಹೇಬರು. ನಮ್ಮ ರೈತರಿಗೆ ಕೋಳಿ ಸಾಕಾಣಿಕೆ ಕಲಿಸಲು ಅಮೆರಿಕದಿಂದ ಬಂದಿರುವ ತರುಣ. ಅವರ ನಿಜವಾದ ಹೆಸರು ಪೋಸ್ಟ್‌ಮ್ಯಾನ್ ಒಬ್ಬನಿಗೇ ಗೊತ್ತು. ಪುಸ್ತಕದ ಕನ್ನಡ ಮಾತಾಡುತ್ತಾರೆ. ಸಂಜೆಯಾದರೆ ಹೈಸ್ಕೂಲ್ ಮೈದಾನಕ್ಕೆ ಬಂದು ಆಟ ಕಲಿಸುತ್ತಾರೆ. ಅವರ ಕನ್ನಡ ಕೈಕೊಟ್ಟಾಗ ಇಂಗ್ಲಿಷ್ ಮೇಷ್ಟ್ರಾದ ನಾನು ದುಭಾಷಿ.

ಆಟಕ್ಕಿಂತ ನನಗೆ ರುಚಿ ಹತ್ತಿದ್ದು ಅವರು ಹೇಳುವ ಕತೆಗಳು. ಅವರ ದೇಶದಲ್ಲಿ ಒಬ್ಬ ಆಟಗಾರನಿಗೆ ಒಂದೇ ಕೈ ಇತ್ತಂತೆ. ಚೆಂಡು ಹಿಡಿದು, ಕೈಗವಸನ್ನು ಮೋಟು ತೋಳಿನ ಕಂಕುಳಿಗೆ ಸಿಕ್ಕಿಸಿ, ಅದೇ ಕೈಯಲ್ಲಿ ಮತ್ತೆ ಎಸೆಯುತ್ತಿದ್ದನಂತೆ. ನಾನು ಮನೆಯಲ್ಲಿ ಕಿತ್ತಳೆ ಹಣ್ಣು ಹಿಡಿದು ಪ್ರಯತ್ನಿಸಿ ನೋಡಿದೆ. (ಹೆಂಡತಿ ಹಣ್ಣು ಕಿತ್ತುಕೊಂಡಳು.) ಇನ್ನೊಬ್ಬನ ಚೆಂಡು ಕಣ್ಣಿಗೆ ಕಾಣದಷ್ಟು ವೇಗ. ಆದರೆ ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿಲ್ಲ. ಪಾಪ, ದೊಡ್ಡ ಲೀಗಿನ ಬಾಗಿಲಲ್ಲೇ ಉಳಿದುಬಿಟ್ಟ.

ಎಲ್ಲಕ್ಕಿಂತ ಮಜಾ ಮೂರೂವರೆ ಅಡಿ ಎತ್ತರದ ಒಬ್ಬಾತನ ಕತೆ. ತಂಡದ ಮಾಲೀಕ ತಮಾಷೆಗೆಂದು ಅವನ ಕೈಗೆ ಬ್ಯಾಟು ಕೊಟ್ಟು ಕಳಿಸಿದ. ಅಂಗಿಯ ಮೇಲಿನ ನಂಬರು ಎಂಟನೇ ಒಂದು! ಈ ಆಟದಲ್ಲಿ ಚೆಂಡು ನೆಲದ ಮೇಲಿನ ಹಲಗೆಯ ನೇರಕ್ಕೆ, ಬ್ಯಾಟು ಹಿಡಿದವನ ಮಂಡಿಗೂ ಎದೆಗೂ ನಡುವೆ ಬರಬೇಕು. ಆಚೀಚೆ ಹೋದರೆ ಅದು ‘ಬಾಲ್’. ನಾಲ್ಕು ಬಾಲ್ ಆದರೆ ಬ್ಯಾಟಿನವನು, ಹೊಡೆದು ಓಡಿ ಮುಟ್ಟಬೇಕಾದ ಮೊದಲನೇ ಬೇಸಿಗೆ ಪುಕ್ಕಟೆ ನಡೆದುಹೋಗಬಹುದು. ಅಷ್ಟು ಪುಟ್ಟ ಮನುಷ್ಯನ ಮಂಡಿಗೂ ಎದೆಗೂ ನಡುವೆ ಜಾಗವೆಲ್ಲಿದೆ? ಎಸೆಯುವವನು ನಾಲ್ಕೂ ತಪ್ಪಿದ. ಆಸಾಮಿ ಜನರಿಗೆ ಬಾಗಿ ನಮಸ್ಕರಿಸುತ್ತ ನಡೆದುಹೋದ. ಮರುದಿನವೇ ಆಟದ ಯಜಮಾನರು ಅವನನ್ನು ಹೊರಗೆ ಹಾಕಿದರಂತೆ.

ಈ ಪುಕ್ಕಟೆ ನಡಿಗೆ ನೆನಪಿರಲಿ. ನಾವು ಸೋತದ್ದು ಇದರಿಂದಲೇ.

ಹತ್ತಿರದ ತಾಳ್ಯ ಹಳ್ಳಿಯ ಕಡೆ ಕೋಳಿಗೂಡು ನೋಡಲು ಹೋದಾಗ ಸಾಹೇಬರ ಕಣ್ಣಿಗೆ ಕೆಂಚಪ್ಪ ಬಿದ್ದ. ಕುರಿ ಕಾಯುವವನು. ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಜೋಳದ ಹೊಲಕ್ಕೆ ನುಗ್ಗುತ್ತಿದ್ದ ಒಂದು ಕುರಿಯ ಕಡೆ ಅರವತ್ತು ಹೆಜ್ಜೆ ದೂರದಿಂದ ಕಲ್ಲು ಬೀಸಿದ. ಕುರಿ ತೆಪ್ಪಗೆ ಮಂದೆಗೆ ತಿರುಗಿತು. “ಇವರ ತೋಳು ಅದ್ಭುತವಾಗಿದೆ!” ಎಂದು ಸಾಹೇಬರು ಸೈಕಲ್ ಬಿಟ್ಟು ಓಡಿದರು.

ಕೆಂಚಪ್ಪ ಒಂದು ಸಂಜೆ ಅಭ್ಯಾಸಕ್ಕೆ ಬಂದ. ಹಲಗೆಯ ಹಿಂದೆ ಕೂತು ಚೆಂಡು ಹಿಡಿಯುವವನು ನಮ್ಮ ದಸ್ತಗೀರ್. ಜಟಕಾ ಕುದುರೆಗಳ ಲಗಾಮು ಹೊಲಿಯುವುದು ಅವನ ಕಸುಬು, ಕೈಗವಸನ್ನೂ ಅವನೇ ಹೊಲಿದಿದ್ದ. ಕೆಂಚಪ್ಪ ಎಸೆದದ್ದೆಲ್ಲ ಆ ಕೈಗವಸಿನ ನಡುವಿಗೇ ಬಂತು. ಆಗ ಎದುರಿಗೆ ಬ್ಯಾಟು ಹಿಡಿದು ಯಾರೂ ನಿಂತಿರಲಿಲ್ಲ. ಅದೊಂದು ವಿಷಯ ಎಂದೇ ನಮಗೆ ಅನ್ನಿಸಲಿಲ್ಲ.

ಭಾನುವಾರ ಚಿತ್ರದುರ್ಗದ ಕಾಲೇಜು ತಂಡ ಬಂತು. ಕೊನೆಯ ಸರದಿ ಅವರದು, ಸ್ಕೋರು ಸಮ. ಸಾಹೇಬರು ಚೆಂಡನ್ನು ಕೆಂಚಪ್ಪನ ಕೈಗಿಟ್ಟರು. ಮೊದಲ ಚೆಂಡು ಹಲಗೆಯಿಂದ ಒಂದು ಗೇಣು ಆಚೆ. ಎರಡನೆಯದೂ ಆಚೆ. ಒಟ್ಟು ಹದಿನಾರು ಚೆಂಡು, ಹದಿನಾರೂ ಆಚೆ. ನಾಲ್ವರು ಪುಕ್ಕಟೆ ನಡೆದರು. ಮೂರು ಬೇಸುಗಳೂ ತುಂಬಿದ್ದರಿಂದ ನಾಲ್ಕನೆಯವನು ನಡೆದಾಗ ಮುಂದಿದ್ದವನು ಹಲಗೆಗೆ ಮರಳಿ ರನ್ ಗಳಿಸಿದ. (ಆ ಹಲಗೆಗೆ ಈ ಆಟದಲ್ಲಿ ‘ಮನೆ’ ಎಂದೇ ಹೆಸರು.) ಮ್ಯಾಚ್ ಹೋಯಿತು.

ಮ್ಯಾಚ್ ಹೋದರೆ ಹೋಗಲಿ ಬಿಡಿ. ಜನರ ನಡುವಿನಿಂದ ಪಾಲಾಕ್ಷಪ್ಪ ಎದ್ದು ನಿಂತ. ಅವನೂ ತಾಳ್ಯದವನೇ. “ನೋಡಿದ್ರಾ? ಹದಿನಾರರಾಗೆ ಒಂದೂ ನೆಟ್ಟಗೆ ಬೀಳ್ಲಿಲ್ಲ. ಇಂಥ ಗುರಿಗೆಟ್ಟ ಕೈಯಿಂದ್ಲೇ ನನ್ನ ಟಗರಿನ ಕಣ್ಣು ಹೋಗಿದ್ದು!”

ನನಗೆ ಆಗಲೇ ಸಂಗತಿ ಗೊತ್ತಾದದ್ದು. ಎರಡು ವಾರದ ಹಿಂದೆ ಕೆರೆ ಅಂಗಳದಲ್ಲಿ ಇಬ್ಬರ ಮಂದೆಯೂ ಕೂಡಿ ಮೇಯುವಾಗ ಪಾಲಾಕ್ಷಪ್ಪನ ಟಗರಿನ ಒಂದು ಕಣ್ಣು ಹೋಗಿತ್ತು. ಕೆಂಚಪ್ಪನ ಕಲ್ಲು ಬಿತ್ತೆಂದು ಅವನ ದೂರು, ಕಂಡವರಿಲ್ಲ. ಮಂಗಳವಾರ ಊರಕಟ್ಟೆಯ ಮೇಲೆ ತೀರ್ಮಾನ. ತಪ್ಪು ಕೆಂಚಪ್ಪನದೆಂದಾದರೆ ಊರಲ್ಲಿ ಯಾರೂ ಅವನ ಮಂದೆಯನ್ನು ಹೊಲಕ್ಕೆ ಬಿಟ್ಟುಕೊಳ್ಳುವ ಹಾಗಿಲ್ಲ. ಇಷ್ಟು ಕುರಿ ಹೊಡೆದುಕೊಂಡು ಅವನು ಹೋಗುವುದೆಲ್ಲಿಗೆ? ಆಟಕ್ಕೆ ಕರೆತಂದು, ಸಾಕ್ಷಿಯಿಲ್ಲದ ದೂರಿಗೆ ನಾವೇ ಸಾಕ್ಷಿ ಒದಗಿಸಿದ್ದೆವು. ನನಗೆ ತಲೆ ಎತ್ತಲಾಗಲಿಲ್ಲ.

ಆಗ ದಸ್ತಗೀರ್ ಹತ್ತಿರ ಬಂದ. “ಮೇಷ್ಟ್ರೇ, ಮೊದ್ಲನೇ ಚೆಂಡಿಗೆ ನನ್ನ ಕೈ ಆಚೆ ಸರಿಸಿದ್ದು. ಆಮ್ಯಾಲೆ ಹದಿನೈದು ಚೆಂಡಿಗೂ ಕೈ ಅಳ್ಳಾಡಿಸಿಲ್ಲ. ಎಲ್ಲಾ ಅಲ್ಲಿಗೇ ಬಂದವೆ.”

ಗುರಿಗೆಟ್ಟ ಕೈ ಹದಿನಾರು ಸಲ ಒಂದೇ ಜಾಗಕ್ಕೆ ಎಸೆಯುತ್ತದೆಯೇ?

ಬೇವಿನ ಮರದ ಕೆಳಗೆ ತಲೆತಗ್ಗಿಸಿ ಕೂತಿದ್ದ ಕೆಂಚಪ್ಪನನ್ನೇ ಕೇಳಿದೆ.

“ಅಲ್ಲಿ ಮನುಷ್ಯ ನಿಂತಿರ್ತಾನಲ್ರೀ, ಅಷ್ಟು ಹತ್ರಕ್ಕೆ ಹೆಂಗೆ ಬೀಸಾದು?” ಅಂದ. “ನಮ್ಮ ಕಲ್ಲು ಕುರಿಗೆ ತಗುಲಬಾರ್ದು. ಮಗ್ಗುಲಿಗೆ ಬೀಳಬೇಕು, ಆ ಸದ್ದಿಗೆ ಅದು ತಿರುಗ್ತೈತೆ. ಸಣ್ಣೋನಿದ್ದಾಗ ಒಂದ್ಸಲ ತಗುಲಿಸಿದ್ದಕ್ಕೆ ನಮ್ಮಪ್ಪ ಆವತ್ತು ಮುದ್ದೆ ಇಕ್ಕಲಿಲ್ಲ. ಒಂದು ಗೇಣು ಆಚೆ. ಕೈಗೆ ಅದೇ ರೂಢಿ ಆಗೈತೆ.”

“ಇದನ್ನ ಪಾಲಾಕ್ಷಪ್ಪನಿಗೆ ಹೇಳಲಿಲ್ವೇನಪ್ಪ?”

“ಹೇಳ್ದೆ. ನಂಬಬೇಕಲ್ರೀ.”

ಮಂಗಳವಾರ ಸಾಹೇಬರು, ದಸ್ತಗೀರ್, ನಾನು ಮೂವರೂ ಬ್ಯಾಟು, ಚೆಂಡು, ಹಲಗೆ ಸಮೇತ ಬಸ್ಸು ಹತ್ತಿ ತಾಳ್ಯಕ್ಕೆ ಹೋದೆವು. ನಾನು ಕಟ್ಟೆಯ ಮುಂದೆ ನಿಂತು ಬೇಸ್‌ಬಾಲಿನ ನಿಯಮಗಳನ್ನು ಉದ್ದಕ್ಕೆ ವಿವರಿಸಿದೆ. (ಮೇಷ್ಟ್ರ ಚಾಳಿ, ಎಲ್ಲಿ ಹೋದೀತು?) ಕಟ್ಟೆಯ ಮೇಲಿದ್ದ ಹಿರಿಯರು ಆಕಳಿಸಿದರು. “ಮಾತು ಸಾಕು ಮೇಷ್ಟ್ರೇ, ಕುಂತ್ಕಳ್ರಿ. ಅವನು ಎಸೆದು ತೋರಿಸ್ಲಿ.”

ಬ್ಯಾಟು ಹಿಡಿದು ನಿಲ್ಲುವವರು ಯಾರು? ಪಾಲಾಕ್ಷಪ್ಪನವರೇ ನಿಲ್ಲಲಿ ಅಂದೆ. ಊರೆಲ್ಲ ನೋಡುತ್ತಿತ್ತು, ಒಲ್ಲೆ ಅನ್ನುವಂತಿರಲಿಲ್ಲ. ನಿಂತ. ದಸ್ತಗೀರ್ ಹಲಗೆಯ ಹಿಂದೆ ಕೂತು, ಕೈಗವಸನ್ನು ಒಂದು ಗೇಣು ಆಚೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಚೆಂಡನ್ನು ನೋಡುವ ಗೋಜಿಗೇ ಹೋಗಲಿಲ್ಲ.

ಧಪ್. ಪಾಲಾಕ್ಷಪ್ಪ ಹಾರಿಬಿದ್ದ. ಚೆಂಡು ಕೈಗವಸಿನಲ್ಲಿತ್ತು. ಮತ್ತೆ ಧಪ್. ಮೂರನೆಯದೂ ಅಲ್ಲಿಗೇ. ನಾಲ್ಕನೆಯದಕ್ಕೆ ಪಾಲಾಕ್ಷಪ್ಪ ಕಣ್ಣುಮುಚ್ಚಿ ನಿಂತಿದ್ದ. ಕಟ್ಟೆಯ ಮೇಲೆ ಯಾರೂ ಆಕಳಿಸಲಿಲ್ಲ.

ಬೇಕೆಂದೇ ಹಾಗೆ ಎಸೆದ ಎಂದು ನೀವು ವಾದಿಸಬಹುದು. ಇರಲಿ. ಬೇಕಾದ ಜಾಗಕ್ಕೆ ಇಷ್ಟು ಕರಾರುವಾಕ್ಕಾಗಿ ಎಸೆಯಬಲ್ಲವನ ಕಲ್ಲು, ತಪ್ಪಿ ಟಗರಿನ ಕಣ್ಣಿಗೆ ಬಿದ್ದೀತೆ?

ಹಿರಿಯರೂ ಅದನ್ನೇ ಯೋಚಿಸಿರಬೇಕು. “ಕೆರೆ ಅಂಗಳದ ತುಂಬ ಜಾಲಿ ಬೆಳೆದೈತೆ. ಮುಳ್ಳು ತಗುಲೈತೋ ಏನೋ, ನೋಡ್ಕಳಪ್ಪ ಪಾಲಾಕ್ಷ. ಕೆಂಚಪ್ಪ, ನಾಳೆ ನಿನ್ನ ಮಂದೆ ನಮ್ಮ ಹೊಲಕ್ಕೇ ಹೊಡಿ,” ಎಂದು ಎದ್ದರು. ಕೆಂಚಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನನಗೂ ಒರೆಸಿಕೊಳ್ಳುವ ಕೆಲಸವಿತ್ತು.

ಪಾಲಾಕ್ಷಪ್ಪ ಬ್ಯಾಟನ್ನು ನನ್ನ ಕೈಗೆ ತುರುಕಿದ. ನಾಲ್ಕು ಬಾಲ್ ಆಗಿತ್ತಲ್ಲ, ನಿಯಮದ ಪ್ರಕಾರ ಪುಕ್ಕಟೆ ನಡೆಯಬಹುದಿತ್ತು.

ನಡೆದ, ನೇರ ಮನೆಗೆ.