ಅಜ್ಜಾರ ಸ್ನಾನಕ್ಕೆ ನಾನೇ ನಲ್ಲಿ

ದಾವಣಗೆರೆಯಿಂದ ಬೆಳಿಗ್ಗೆನೇ ಹರಿಹರಕ್ಕೆ ಹೋಗಿದ್ದೆ. ಒಂದು ಮನೆಯ ತಾರಸಿ ಮೇಲೆ ಸೋಲಾರ್ ಹೀಟರಿನ ಪೈಪು ಒಡೆದು, ಬಚ್ಚಲಿಗೆ ಬಿಸಿನೀರು ಒಂದು ಹನಿಯೂ ತಲುಪುತ್ತಿರಲಿಲ್ಲ. ಪೈಪು ಬದಲಿಸಲು ಟ್ಯಾಂಕಿನಲ್ಲಿರುವ ಬಿಸಿನೀರೆಲ್ಲ ಖಾಲಿ ಮಾಡಬೇಕು ಅಂದೆ. ಆ ಮನೆಯ ಸೊಸೆ ಮುಖ ಸಣ್ಣದು ಮಾಡಿಕೊಂಡರು.

“ನಮ್ಮ ಮಾವಾರದು ಇನ್ನೂ ಸ್ನಾನ ಆಗಿಲ್ರಿ. ಅವ್ರ ಲಿಂಗಪೂಜೆ ಆಗೋತನಕ ಮನ್ಯಾಗ ಯಾರೂ ತಿಂಡಿ ಮುಟ್ಟಲ್ಲ.”

ಅಡುಗೆಮನೆಯಿಂದ ಚಟ್ನಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ನಾನೂ ಖಾಲಿ ಹೊಟ್ಟೆಯಲ್ಲೇ ಬಂದವನು. ಬೇರೆ ದಾರಿ ಕಾಣದೆ, ಟ್ಯಾಂಕಿಗೆ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿ, ನೀರನ್ನು ಹಿತ್ತಲಿಗೆ ಬಿಟ್ಟೆ. ಹಬೆ ಕಂಡದ್ದೇ ತಡ, ಟವೆಲ್ ಸುತ್ತಿಕೊಂಡ ಅಜ್ಜ ಓಡಿಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೇಬಿಟ್ಟರು.

“ಇಷ್ಟು ಚಲೋ ನೀರು ಚೆಲ್ತೀರೇನ್ರಿ? ಬಿಡ್ರಿ ತಲಿ ಮ್ಯಾಲೆ!”

ಅಲ್ಲಿಂದ ನಾನು ಪ್ಲಂಬರ್ ಅಲ್ಲ, ಅಜ್ಜಾರ ನಲ್ಲಿ.

“ಸೋಪು ಹಚ್ಕೋತೀನಿ, ಬಂದ್ ಮಾಡ್ರಿ!”

ಮಾಡಿದೆ.

“ಬಿಡ್ರಿ ಈಗ! ಬೆನ್ನಿಗೆ ಬೀಳ್ತಿಲ್ಲ, ಪೈಪು ಒಂಚೂರು ಈ ಕಡಿಗೆ ತರ್ರಿ!”

ತಿರುಗಿಸಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಬಕೆಟ್ ಚಾಚಿ, “ನಮಗೂ ಸ್ವಲ್ಪ ಬಿಡ್ರಿ” ಅಂದರು.

ಪೂಜೆ ಆಯಿತು, ನನಗೂ ದೋಸೆ ಬಂತು, ಹೊಸ ಪೈಪೂ ಕೂತಿತು. ವಾರ ಬಿಟ್ಟು ಅಜ್ಜ ಫೋನ್ ಮಾಡಿದರು. “ಮತ್ತೆ ಸೋರ್ತಿದೆಯೇನ್ರಿ?” ಅಂತ ನಾನೇ ಮೊದಲು ಕೇಳಿದೆ.

“ಒಂದು ಹನಿನೂ ಸೋರಲ್ಲರಿ. ಆದ್ರ ಬಚ್ಚಲದಾಗ ಆ ಮಜಾ ಇಲ್ಲ. ಮತ್ತ ಯಾವಾಗ ಕೆಡ್ತೈತೆ ಇದು?”

ಗ್ಯಾರಂಟಿ ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಕೆಡುತ್ತೆ ಅಂತ ಆಸೆಯಿಂದ ಕೇಳಿದವರು ಇವರೊಬ್ಬರೇ.