ಆಕಳಿಕೆ ನೋಡಿ ಗೋಧಿ ಹಿಡಿದ ತಂಗಿ

ಒಂದರ ಹಿಂದೆ ಒಂದು ಮೂರು ಆಕಳಿಕೆ ಬಂದವು. ಮೂರನೆಯದನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡೆ.

ಎಳ್ಳ ಅಮಾವಾಸ್ಯೆಯ ದಿನ. ಬಸವಕಲ್ಯಾಣದ ಹತ್ತಿರ ತಂಗಿ ಸುಭದ್ರಾಳ ಹೊಲದಲ್ಲಿ ಊಟ ಮುಗಿಸಿ ಬೇವಿನ ನೆರಳಿಗೆ ಕುಳಿತಿದ್ದೆವು. ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ... ಎರಡು ವರ್ಷದ ನಂತರ ಅವಳ ಕೈಯ ಊಟ ಉಂಡಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಹುಮನಾಬಾದಿನಲ್ಲಿ ಟೇಲರ್. ಎರಡು ವರ್ಷದ ಹಿಂದೆ ಕಲಬುರಗಿಯ ಡಾಕ್ಟರು ಟೆಸ್ಟ್ ಎಲ್ಲ ಮಾಡಿಸಿ, ನನ್ನ ಕರುಳಿಗೆ ಗೋಧಿಯೊಳಗಿನ ಗ್ಲುಟೆನ್ ಆಗಿಬರುವುದಿಲ್ಲ, ಒಂದು ಚಿಟಿಕೆಯೂ ಬೇಡ ಎಂದರು.

ಅಂದಿನಿಂದ ಯಾರ ಮನೆಯಲ್ಲೂ ಉಂಡಿರಲಿಲ್ಲ. ತಂಗಿಯ ಮನೆಗೂ ಡಬ್ಬಿ ಕಟ್ಟಿಕೊಂಡೇ ಹೋಗುತ್ತಿದ್ದೆ.

ನಾನು ಡಬ್ಬಿ ಬಿಚ್ಚಿದರೆ ಅವಳು ನೀರು ತರುತ್ತೇನೆಂದು ಎದ್ದು ಒಳಗೆ ಹೋಗುತ್ತಿದ್ದಳು. ನೀರಿನ ತಂಬಿಗೆ ನನ್ನ ಪಕ್ಕದಲ್ಲೇ ಇರುತ್ತಿತ್ತು.

ಈ ಸಲ ಅವಳೇ ಫೋನ್ ಮಾಡಿದಳು. "ಅಣ್ಣಾ, ಡಬ್ಬಿ ತಂದ್ರ ಬಸ್ ಸ್ಟ್ಯಾಂಡಿನಿಂದನೇ ಹೊಳ್ಳಿ ಕಳಸ್ತೀನಿ ನೋಡು!"

ನನ್ನ ಸಲುವಾಗಿ ಹೊಸ ಹಂಚು ತಂದಿದ್ದಳು. ಗೋಧಿ ಕಣಕದ್ದೆಂದು ಇಡೀ ಮನೆಗೇ ಶೇಂಗಾ ಹೋಳಿಗೆ ರದ್ದು ಮಾಡಿದ್ದಳು. ಅಷ್ಟೆಲ್ಲ ಮಾಡಿಯೂ... ಈ ಆಕಳಿಕೆ.

ಗೋಧಿ ಒಳಗೆ ಹೋದರೆ ನನ್ನ ಮೈಗೆ ತನ್ನದೇ ಒಂದು ಕ್ರಮ ಇದೆ. ಮೊದಲು ಆಕಳಿಕೆ, ಆಮೇಲೆ ಹೊಟ್ಟೆ ಡೊಳ್ಳಿನಂತೆ ಬಿಗಿಯುತ್ತದೆ. ಎದೆ ಅಳತೆ ತೆಗೆದು ಪೆನ್ಸಿಲ್ ಎತ್ತಿಕೊಳ್ಳುವಷ್ಟರಲ್ಲಿ ನಂಬರ್ ಮರೆತುಹೋಗಿರುತ್ತದೆ. ನಲವತ್ತು ವರ್ಷ ಸೂಜಿ ಹಿಡಿದ ಕೈಗೆ ದಾರ ಪೋಣಿಸಲು ಆಗುವುದಿಲ್ಲ. ಮರುದಿನ ಪಾಯಖಾನೆಗೆ ಓಡಾಟ, ಬಾಯಿ ತುಂಬ ಹುಣ್ಣು.

ಹೇಳಬಾರದು ಎಂದು ನಿಶ್ಚಯ ಮಾಡಿದೆ. ಹೇಳಿದರೆ ಅವಳು ಇನ್ನೆಂದೂ ನನಗೆ ಬಡಿಸುವುದಿಲ್ಲ. ಹೇಳದಿದ್ದರೆ ನಾನು ಇನ್ನೆಂದೂ ಇಲ್ಲಿ ಉಣ್ಣುವುದಿಲ್ಲ. ಹೇಗೆ ನೋಡಿದರೂ ಇದೇ ಕೊನೆಯ ಊಟ ಅನ್ನಿಸಿತು.

"ಅಣ್ಣಾ, ಏನ್ ಆಗಾಕತ್ತದ?"

"ಏನಿಲ್ಲವ್ವಾ. ಉಂಡದ್ದು ಜಾಸ್ತಿ ಆತು."

"ಸುಳ್ಳ ಹೇಳಬ್ಯಾಡ. ಹುಬ್ಬು ತಿಕ್ಕೊಳ್ಳಾಕತ್ತಿ."

ನೋಡಿದರೆ ನನ್ನ ಬೆರಳು ನಿಜವಾಗಿಯೂ ಎಡಹುಬ್ಬಿನ ಮೇಲಿತ್ತು! ಇದು ನನಗೇ ಗೊತ್ತಿರಲಿಲ್ಲ.

"ಸಣ್ಣಾಂವ ಇದ್ದಾಗ ಹೋಳಿಗಿ ಉಂಡ ದಿನ ಹಿಂಗೇ ಮಾಡ್ತಿದ್ದಿ. ಆಕಳಿಸ್ಕೋತ, ಹುಬ್ಬು ತಿಕ್ಕೋತ, ಗ್ವಾಡಿಗಿ ಮುಖ ಮಾಡಿ ಮಲಗ್ತಿದ್ದಿ. ಅಪ್ಪ ಸೋಂಬೇರಿ ಅಂತ ಬೈದ್ರ ನಾ ನಗ್ತಿದ್ದೆ." ನನ್ನ ಕೈಯನ್ನು ಹುಬ್ಬಿನಿಂದ ಇಳಿಸಿ ಅಂದಳು, "ನಗಬಾರದಿತ್ತು."

ಡಾಕ್ಟರಿಗೆ ನನಗೆ ಅರವತ್ತು ದಾಟಿದ ಮೇಲೆ ಸಿಕ್ಕಿದ್ದು, ಇವಳ ಕಣ್ಣಿಗೆ ತನ್ನ ಏಳನೇ ವಯಸ್ಸಿಗೇ ಬಿದ್ದಿತ್ತು. ಅದಕ್ಕೊಂದು ಹೆಸರಿದೆ ಎಂದು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ.

ಈಗ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಪಾತ್ರೆ ತೆರೆದು ತನಗೆ ತಾನೇ ಪಾಟಿಸವಾಲು ಹಾಕಿಕೊಂಡಳು.

"ಕಾಳು ಹೊಲದ್ದು. ಖಾರ ನಾನೇ ಕುಟ್ಟೀನಿ. ಕಡ್ಲಿ ಹಿಟ್ಟು ಮನಿ ಮಿಕ್ಸರಿಂದು. ಸಜ್ಜಿ ಹಿಟ್ಟು..." ಅಲ್ಲಿಗೆ ನಿಂತಳು. "ಸಜ್ಜಿ ಹಿಟ್ಟು ಗಿರಣಿಂದು."

ಮರುದಿನ ಮುಂಜಾನೆ, ಹುಣ್ಣು ಎದ್ದ ಬಾಯಿಯ ನನ್ನನ್ನು ಆಟೋದಲ್ಲಿ ಕೂಡಿಸಿಕೊಂಡು ನೇರ ಗಿರಣಿಗೆ ಹೋದಳು. ಗಿರಣಿ ನಡೆಸುವವರು ಶಮೀಮ್ ಭಾಬಿ. ಅಲ್ಲಿ ಗೋಧಿಗೊಂದು ಮಷಿನ್, ಜೋಳ ಸಜ್ಜೆಗೊಂದು ಮಷಿನ್. ಅದನ್ನು ನಂಬಿಯೇ ತಂಗಿ ನಿಶ್ಚಿಂತೆಯಾಗಿದ್ದಳು.

"ಅಮಾಸಿ ಹಿಂದಿನ ದಿನ ನಮ್ಮ ಸಜ್ಜಿ ಯಾವ ಮಷಿನ್ನಿಗಿ ಹಾಕಿದ್ರಿ ಭಾಬಿ?"

"ಜ್ವಾಳದ ಮಷಿನ್ ಪಟ್ಟಾ ಹರದಿತ್ರಿ ಅಕ್ಕಾ. ಹಬ್ಬದ ಮಂದಿ, ಗರ್ದಿ ಅಂದ್ರ ಗರ್ದಿ! ಗೋಧಿ ಮಷಿನ್ನಿಗೇ ಹಾಕಿದೆ. ಯಾಕ್ರಿ, ರೊಟ್ಟಿ ಛಲೋ ಬರ್ಲಿಲ್ಲೇನು?"

"ರೊಟ್ಟಿ ಛಲೋನೇ ಬಂದಾವ. ಇಂವಾ ಛಲೋ ಇಲ್ಲ ನೋಡ್ರಿ," ಎಂದು ನನ್ನನ್ನು ಮುಂದೆ ತಳ್ಳಿದಳು.

ಜಗಳ ಮಾಡಲಿಲ್ಲ. ಕಲ್ಲಿಗೆ ಅಂಟಿದ ಗೋಧಿ ಹಿಟ್ಟು ಮುಂದಿನವರ ಹಿಟ್ಟಿನಲ್ಲಿ ಬರುತ್ತದೆ, ನಿಮಗೆ ನಮಗೆ ಏನೂ ಆಗದು, ನಮ್ಮಣ್ಣನ ಕರುಳು ಮಾತ್ರ ಸುಲಿದುಹೋಗುತ್ತದೆ ಎಂದು ಬಿಡಿಸಿ ಹೇಳಿದಳು. ಡಾಕ್ಟರು ನನಗೆ ಇಷ್ಟು ಚೆಂದ ಹೇಳಿರಲಿಲ್ಲ.

ಶಮೀಮ್ ಭಾಬಿ ಹಿಟ್ಟಿನ ಕೈಯನ್ನೇ ಬಾಯಿಗೆ ಹಿಡಿದರು. "ಯಾ ಅಲ್ಲಾ! ಫಿಕರ್ ಮಾಡಬ್ಯಾಡ್ರಿ ಅಣ್ಣಾ. ಜ್ವಾಳದ ಮಷಿನ್ ಬಿಚ್ಚಿ ಝಾಡಸ್ತೀನಿ. ಮುಂಜಾನಿ ಮೊದಲ ನಮ್ಮನಿ ಜ್ವಾಳ, ಆಮ್ಯಾಗ ನಿಮ್ದು. ಪಟ್ಟಾ ಹರಿದ್ರ ಮಾತ್ರ ಚೀಲ ಹೊಳ್ಳಿ ಕಳಸ್ತೀನಿ, ಸಿಟ್ಟಾಗಬ್ಯಾಡ್ರಿ."

ನಾಲ್ಕು ದಿನ ಅಂಗಡಿಯಲ್ಲಿ ಕತ್ತರಿ ಮುಟ್ಟಲಿಲ್ಲ. ಐದನೆಯ ದಿನ ಅಳತೆಯ ನಂಬರ್ ತಲೆಯಲ್ಲಿ ನಿಂತಿತು.

ಮೊನ್ನೆ ಭಾನುವಾರ ಮತ್ತೆ ಕರೆದಳು. ಡಬ್ಬಿ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ... ಕೊನೆಗೆ ಮನೆಯಲ್ಲೇ ಬಿಟ್ಟು ಬಸ್ ಹತ್ತಿದೆ.

ಶಮೀಮ್ ಭಾಬಿಯ ಹಿಟ್ಟಿನ ಎರಡು ರೊಟ್ಟಿ ಉಂಡೆ. ಎರಡು ತಾಸು ತಂಗಿ ಎದುರಿಗೇ ಕುಳಿತು ಮೇಥಿ ಸೊಪ್ಪು ಸೋಸುತ್ತಿದ್ದಳು, ಕಣ್ಣು ಮಾತ್ರ ನನ್ನ ಹುಬ್ಬಿನ ಮೇಲೆ.

ಆಮೇಲೆ ಎದ್ದು ಹೋಗಿ ಸೂಜಿ, ಬಿಳಿ ದಾರ ತಂದು ಕೈಗಿಟ್ಟಳು. "ಪೋಣಿಸು."

ಕನ್ನಡಕ ಹಾಕಿಕೊಂಡೆ. ದಾರ ಮೊದಲ ಸಲಕ್ಕೇ ಒಳಗೆ ಹೋಯಿತು.

"ಹಂಗಾರ ಈ ಕುಬಸದ ಹುಕ್ಕು ಹಚ್ಚಿ ಕೊಡು. ಪುಕ್ಕಟೆ ಉಂಡು ಹೋಗ್ತಿಯೇನು?"

ಹುಕ್ಕು ಹಚ್ಚುತ್ತ ಕುಳಿತೆ. ಅವಳೂ ಪಕ್ಕದಲ್ಲೇ ಕುಳಿತಿದ್ದಳು, ನೀರು ತರಲು ಎದ್ದು ಹೋಗಲಿಲ್ಲ.

ನಿಮ್ಮ ಮೈ ಆಡುವ ಮಾತನ್ನು ನಿಮಗಿಂತ ಮೊದಲು ಕೇಳಿಸಿಕೊಂಡವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?