ಬದುಕಿದ್ದವನ ವಿಧವೆ

ಮೊನ್ನೆ ಕೆಲಗೇರಿಯ ನಮ್ಮ ಓಣಿಯಲ್ಲಿ ಯಾರದೋ ಮನೆಯಲ್ಲಿ ಗುರೆಳ್ಳು ಹುರಿಯುತ್ತಿದ್ದರು. ಉರಿ ಸ್ವಲ್ಪ ಹೆಚ್ಚಾಗಿರಬೇಕು, ಸೀದ ವಾಸನೆ ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪೇಪರನ್ನು ಮಡಚಿಟ್ಟೆ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದಾಗ ನನಗೆ ಬೆಳಗಾಗುತ್ತಿದ್ದುದೇ ಈ ವಾಸನೆಯಿಂದ. ಗೋಡೆಯಾಚೆಯ ಮನೆಯವಳು ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ ಕುಟ್ಟಿ, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು.

ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಒಬ್ಬಳೇ ಮಗಳನ್ನು ಕಟ್ಟಿಕೊಂಡು ಬಂದು ಆ ಸಣ್ಣ ಮನೆ ಹಿಡಿದಿದ್ದಳು. ಹಣೆಯಲ್ಲಿ ವಿಭೂತಿಯಷ್ಟೇ, ಕೈಯಲ್ಲಿ ಬಳೆಯಿಲ್ಲ. ಗೋಡೆಯ ಮೇಲೆ ಗಂಡನ ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ಲಾರಿ ಬಡಿದು ತೀರಿಕೊಂಡನೆಂದು ಹೇಳಿದ್ದಳು. ಸರಕಾರದ ವಿಧವಾ ವೇತನ ಬರುತ್ತಿತ್ತು. ನನಗೆ ಕಾಮಾಲೆಯಾಗಿ ಮಲಗಿದಾಗ ನನ್ನ ತಲೆಯೆತ್ತಿ ಗಂಜಿ ಕುಡಿಸಿದವಳು ಅವಳು. ನನ್ನ ಮಕ್ಕಳಿಗೆ ಉಣಿಸಿ, ಜಡೆ ಹಾಕಿ ಶಾಲೆಗೆ ಕಳಿಸಿದವಳೂ ಅವಳೇ.

ಮುಂದೆ ಉಪ್ಪಿನಬೆಟಗೇರಿಗೆ ಕೊಟ್ಟಿದ್ದ ನನ್ನ ತಂಗಿಯ ಗಂಡ ತೀರಿಕೊಂಡ. ತಂಗಿ ವೇತನಕ್ಕೆ ಅರ್ಜಿ ಹಾಕಿದಾಗಲೆಲ್ಲ ಏನಾದರೊಂದು ಕಡಿಮೆಯೆಂದು ತಿರುಗಿ ಬರುತ್ತಿತ್ತು. ಅವಳನ್ನು ನೋಡಲು ಹೋದಾಗ, ಅಲ್ಲಿಯ ಹಿಟ್ಟಿನ ಗಿರಣಿಯಲ್ಲಿ, ಅಕ್ಕನ ಮನೆಯ ಫೋಟೋದ ಮನುಷ್ಯನನ್ನು ಕಂಡೆ. ಎಡಹುಬ್ಬನ್ನು ಸೀಳಿದ ಅದೇ ಕಲೆ, ಅದೇ ಅಗಲ ಕಿವಿ. ತಂಗಿಯನ್ನು ಕೇಳಿದರೆ ಹೆಸರೂ ಅದೇ. ಯಾವಳನ್ನೋ ಕರೆತಂದು ಅದೇ ಊರಲ್ಲಿ ಸಂಸಾರ ಹೂಡಿದ್ದನಂತೆ, ಮಕ್ಕಳೂ ಆಗಿದ್ದವಂತೆ.

ತಡೆಯಲಾರದೆ ತಂಗಿಗೆ ಎಲ್ಲ ಹೇಳಿಬಿಟ್ಟೆ. ಅವಳ ಮುಖ ಕೆಂಪಾಯಿತು.

"ನನ್ನ ಗಂಡನ್ನ ಮಣ್ಣ ಮಾಡಿ ಬಂದೇನಿ, ನನಗ ಪಗಾರಿಲ್ಲ. ಆಕಿ ಗಂಡ ಇಲ್ಲೇ ಜ್ವಾಳ ಬೀಸಾಕ ಬರತಾನ, ಆಕಿಗೈತಿ. ನೀ ಹೋಗಿ ಕಚೇರ್‍ಯಾಗ ಹೇಳ."

ಹುಬ್ಬಳ್ಳಿಗೆ ಬಂದವಳೇ ಅಕ್ಕನ ಒಲೆಯ ಮುಂದೆ ಹೋಗಿ ಕುಳಿತೆ. ಯಾರನ್ನು ಕಂಡೆನೆಂದು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

"ಆರಾಮ ಅದಾನೇನು?" ಎಂದು ಕೇಳಿದಳು.

ನನಗೆ ಸಿಟ್ಟು ಬಂತು. ತಂಗಿ ಕಚೇರಿಗೆ ಅಲೆದದ್ದನ್ನೆಲ್ಲ ಅವಳ ಮುಂದೆ ಸುರಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಗಂಡ ಬಿಟ್ಟಾಕಿ ಅಂದ್ರ ಯಾರೂ ಮನಿ ಬಾಡಿಗಿ ಕೊಡಲಿಲ್ಲ, ತಂಗಿ. ಸತ್ತಾನ ಅಂದೆ, ಕೊಟ್ರು. ಪಗಾರದ್ದು ಆಮ್ಯಾಲಿಂದು. ಏಜೆಂಟ ಒಬ್ಬ ಎಲ್ಲಾ ಮಾಡಿಸಿಕೊಟ್ಟ. ತಪ್ಪಂತ ಗೊತ್ತೈತಿ. ನೀ ಹೋಗಿ ಹೇಳಿದ್ರ ನಾ ಬ್ಯಾಡ ಅನ್ನಂಗಿಲ್ಲ."

ಹೇಳಲೆಂದೇ ಒಂದು ದಿನ ತಹಶೀಲ್ದಾರ ಕಚೇರಿಗೆ ಹೋದೆ. ಮೆಟ್ಟಿಲ ಮೇಲೆ ಮುದುಕಿಯರು ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಲ್ಲಿ ನನ್ನ ತಂಗಿಯಂಥವರು ಎಷ್ಟು ಜನರೋ... ಹೇಳುವುದೇ ನ್ಯಾಯ ಅನ್ನಿಸಿತು. ಆದರೆ ಒಳಗೆ ಹೋಗಿ ಅಕ್ಕನ ಹೆಸರನ್ನು ನನ್ನ ಬಾಯಿಂದ ಹೇಳುವುದು ನನ್ನಿಂದಾಗಲಿಲ್ಲ. ತಿರುಗಿ ಮೆಟ್ಟಿಲಿಳಿಯುವಾಗ ಅಕ್ಕನ ಮನೆಯ ಮಾಲಕರ ಹೆಂಡತಿ ಎದುರಾದಳು. ಅವಳೇನೋ ಕೇಳಿದಳು, ನಾನೇನೋ ಹೇಳಿ ಬಂದೆ. ಹೇಳದೆ ಬಂದೆನೆಂದು ತಂಗಿ ನನ್ನೊಡನೆ ಬಹಳ ದಿನ ಮಾತು ಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ ಅವಳೇ ಫೋನು ಮಾಡಿದಳು. ಆ ಮನುಷ್ಯ ಹೊಲದಲ್ಲಿ ಕುಸಿದು ಬಿದ್ದು ಸತ್ತಿದ್ದ. ಅಕ್ಕನಿಗೆ ನಾನೇ ಹೇಳಬೇಕಾಯಿತು. ಅವಳು ಒಲೆ ಆರಿಸಿ ಕೈ ತೊಳೆದು, "ನನ್ನ ಕರಕೊಂಡ ಹೋಗ," ಅಂದಳು. ನನ್ನ ತಂಗಿಯ ಮನೆಗೆ ಹೋಗುತ್ತೇವೆಂದು ಓಣಿಯವರಿಗೆ ಹೇಳಿ ಬಸ್ಸು ಹತ್ತಿದೆವು.

ಪದ್ಧತಿಯಂತೆ ಹೆಣವನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಎರಡನೆಯವಳು ಅದರ ಮೊಣಕಾಲಿಗೆ ತಲೆಯಿಟ್ಟು ಅಳುತ್ತಿದ್ದಳು. ಅಕ್ಕ ಹೆಂಗಸರ ಹಿಂದೆ, ಗೋಡೆಗೆ ಒರಗಿ ನಿಂತಳು. ಪಕ್ಕದ ಮುದುಕಿಯೊಬ್ಬಳು, "ನಿಮಗ ಏನಾಗಬೇಕ್ರಿ?" ಎಂದು ಕೇಳಿದಳು.

"ಏನಿಲ್ರಿ. ಇವರ ಜೋಡಿ ಬಂದೇನಿ," ಎಂದು ಅಕ್ಕ ನನ್ನತ್ತ ಕೈ ತೋರಿಸಿದಳು.

ಎರಡನೆಯವಳ ಬಳೆ ಒಡೆಯುವಾಗ ಅಕ್ಕ ತನ್ನ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಬಸ್ಸಿನಲ್ಲಿ ಧಾರವಾಡ ಬರುವವರೆಗೂ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹುಬ್ಬಳ್ಳಿಯಲ್ಲಿ ಇಳಿದು ಮುಖ ತೊಳೆದು, ಸಂಜೆಯ ರೊಟ್ಟಿಗೆ ಹಿಟ್ಟು ನಾದಲು ಕುಳಿತಳು. ಯಾರಿಗೂ ಕಾಣುವಂತೆ ಅಳುವ ಹಾಗಿರಲಿಲ್ಲ.

ಕೆಲವು ತಿಂಗಳ ಮೇಲೆ ಎರಡನೆಯವಳು ವಿಧವಾ ವೇತನಕ್ಕೆ ಅರ್ಜಿ ಹಾಕಿದಳು. ಅವಳ ಗಂಡ ಎಷ್ಟೋ ವರ್ಷಗಳ ಹಿಂದೆಯೇ ಸತ್ತನೆಂದು ಸರಕಾರದ ದಾಖಲೆಯಲ್ಲಿತ್ತು. ಅದರ ಬೆನ್ನು ಹತ್ತಿ ವಿಚಾರಣೆಗೆ ಕಮರಿಪೇಟೆಗೂ ಬಂದರು. ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಅವಳ ವೇತನ ನಿಂತಿತು, ಪಡೆದದ್ದನ್ನು ತಿರುಗಿ ಕಟ್ಟೆಂದು ನೋಟಿಸು ಬಂತು. ಎರಡನೆಯವಳಿಗೂ ಏನೂ ಸಿಗಲಿಲ್ಲ. ದಾಖಲೆಯಲ್ಲಿ ಒಬ್ಬನೇ ಮನುಷ್ಯ ಎರಡು ಸಲ ಸಾಯುವಂತಿರಲಿಲ್ಲವಲ್ಲ.

ಇದು ಹೀಗೆ ಬಯಲಾಯಿತೆಂದು ತಂಗಿಯಿಂದ ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ, ಕಚೇರಿಗೆ ಹೋಗಿ ಹೇಳಿದವಳು ನಾನೇ ಎಂದು ಓಣಿಯಲ್ಲಿ ಮಾತಾಗಿತ್ತು. ಮಾಲಕರ ಹೆಂಡತಿ ನನ್ನನ್ನು ಅಲ್ಲಿ ಕಂಡಿದ್ದಳಲ್ಲ. ಗಂಡ ಬದುಕಿದ್ದಾಗಲೇ ಕುಂಕುಮ ಅಳಿಸಿಕೊಂಡವಳು ತಮ್ಮ ಮನೆಯಲ್ಲಿ ಬೇಡವೆಂದು ಅದೇ ಹೆಂಗಸು ಅಕ್ಕನಿಂದ ಮನೆ ಬಿಡಿಸಿದಳು.

ಸಾಮಾನೆಲ್ಲ ಟೆಂಪೋಕ್ಕೆ ಏರಿದ ಮೇಲೆ ಅಕ್ಕ ನನ್ನ ಬಾಗಿಲಿಗೆ ಬಂದಳು.

"ನೀ ಹೇಳಿದೇನು?"

"ಇಲ್ಲ, ಅಕ್ಕಾ."

"ಹೇಳಿದ್ರೂ ತಪ್ಪಲ್ಲ, ಬಿಡ," ಎಂದು ಹೋಗಿ ಮಗಳ ಪಕ್ಕ ಕುಳಿತಳು. ನಾನು ಇನ್ನೊಮ್ಮೆ ಹೇಳುವಷ್ಟರಲ್ಲಿ ಟೆಂಪೋ ತಿರುವಿನಲ್ಲಿತ್ತು.

ತಂಗಿಗೆ ಕೊನೆಗೂ ವೇತನ ಮಂಜೂರಾಗಿದೆ. ಉಪ್ಪಿನಬೆಟಗೇರಿಗೆ ಹೋದಾಗ ಒಮ್ಮೊಮ್ಮೆ ಆ ಎರಡನೆಯವಳು ಕಳೆ ತೆಗೆದು ಬರುವುದು ಕಾಣುತ್ತದೆ. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ. ನಾನು ಅಂದೇ ಹೇಳಿದ್ದರೆ ಇವಳ ಪಾಲಾದರೂ ಉಳಿಯುತ್ತಿತ್ತೇನೋ...

ಕಳೆದ ವರ್ಷ ಅಕ್ಕನ ಮಗಳು ಫೋನು ಮಾಡಿದ್ದಳು. "ಮೌಶಿ, ಅವ್ವ ಹೋದ್ಲು," ಅಂದಳು. ಎಲ್ಲ ಮುಗಿದು ವಾರವಾಗಿತ್ತು. ಏನಾಗಿತ್ತು, ಯಾವ ದವಾಖಾನೆ ಎಂದೆಲ್ಲ ಕೇಳಿದೆ. ನನ್ನ ಬಗ್ಗೆ ಎಂದಾದರೂ ಏನಾದರೂ ಅಂದಿದ್ದಳೇ ಎಂಬುದೊಂದನ್ನು ಕೇಳಲು ಧೈರ್ಯವಾಗಲಿಲ್ಲ. ಅಂದು ಬಾಗಿಲಲ್ಲಿ ನಿಂತು ಆಡಿದ ಆ "ಇಲ್ಲ"ವನ್ನು ಈಗ ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳುವವಳಿಲ್ಲ.